ರೇಡಿಕ್ಯುಲೋಪತಿ ಮತ್ತು ಅಮೇರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರ

ರೇಡಿಕ್ಯುಲೋಪತಿ ಎಂಬುದು ಬೆನ್ನುಹುರಿಯಿಂದ ಹೊರಡುವ ನರಮೂಲಗಳು ಒತ್ತಡಕ್ಕೆ ಅಥವಾ ಉರಿಯೂತಕ್ಕೆ ಒಳಗಾದಾಗ ಉಂಟಾಗುವ ನರಸಂಬಂಧಿ ತೊಂದರೆ. ಸೇನಾ ಸೇವೆಯ ಕಾರಣದಿಂದ ಈ ತೊಂದರೆಗೆ ಒಳಗಾದವರಿಗೆ ಅಮೇರಿಕ ಸಂಯುಕ್ತ ಸಂಸ್ಥಾನದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು ತೆರಿಗೆರಹಿತ ಮಾಸಿಕ ಪರಿಹಾರವನ್ನು ನೀಡುತ್ತದೆ. 1930ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು 1989ರಲ್ಲಿ ಸಚಿವ ಸಂಪುಟ ದರ್ಜೆಯ ಇಲಾಖೆಯಾಯಿತು. ಪರಿಹಾರದ ಮೊತ್ತವು ಶೇಕಡಾವಾರು ಅಂಗವೈಕಲ್ಯ ಶ್ರೇಣಿಯನ್ನು ಅವಲಂಬಿಸಿದೆ.

ವೈದ್ಯಕೀಯ ಹಿನ್ನೆಲೆ

ಕಶೇರುಕಗಳ ನಡುವಿನ ಡಿಸ್ಕ್ ಹೊರಚಾಚುವುದು, ಮೂಳೆಯ ಅತಿಬೆಳವಣಿಗೆ ಮತ್ತು ನರ ಹಾದುಹೋಗುವ ದಾರಿ ಕಿರಿದಾಗುವುದು ಇದರ ಸಾಮಾನ್ಯ ಕಾರಣಗಳು. ಸೇನೆಯಲ್ಲಿ ಭಾರವಾದ ಸಾಮಗ್ರಿ ಹೊರುವುದು, ಪ್ಯಾರಾಚೂಟ್ ಜಿಗಿತ ಮತ್ತು ವಾಹನ ಅಪಘಾತಗಳಿಂದ ಬೆನ್ನಿಗೆ ಪೆಟ್ಟಾಗುವ ಸಂಭವವಿದೆ. ಸೊಂಟದ ಭಾಗದ ನರಮೂಲಗಳು ಬಾಧಿತವಾದಾಗ ನೋವು, ಜೋಮು ಅಥವಾ ದೌರ್ಬಲ್ಯವು ಪೃಷ್ಠದಿಂದ ಕಾಲಿಗೆ ಇಳಿಯುತ್ತದೆ. ಇದನ್ನು ಸಯಾಟಿಕಾ ಎನ್ನುತ್ತಾರೆ. ಕುತ್ತಿಗೆಯ ನರಮೂಲಗಳ ತೊಂದರೆಯು ಭುಜ, ತೋಳು ಮತ್ತು ಬೆರಳುಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಸೇವಾಸಂಬಂಧದ ನಿರ್ಣಯ

ಪರಿಹಾರ ಪಡೆಯಲು ಸಾಮಾನ್ಯವಾಗಿ ಮೂರು ಅಂಶಗಳು ಅಗತ್ಯ: ಪ್ರಸ್ತುತ ಇರುವ ಅಂಗವೈಕಲ್ಯ, ಸೇವಾವಧಿಯಲ್ಲಿ ನಡೆದ ಘಟನೆ, ಗಾಯ ಅಥವಾ ಕಾಯಿಲೆ, ಮತ್ತು ಇವೆರಡರ ನಡುವಿನ ಸಂಬಂಧ. ಸೇವಾಸಂಬಂಧಿ ಎಂದು ಈಗಾಗಲೇ ಅಂಗೀಕೃತವಾದ ಬೆನ್ನಿನ ತೊಂದರೆಯಿಂದ ನರದ ತೊಂದರೆ ಹುಟ್ಟಿದ್ದರೆ, ಅದನ್ನು ದ್ವಿತೀಯಕ ಅಂಗವೈಕಲ್ಯವಾಗಿ ಪರಿಗಣಿಸಬಹುದು. ಪರ ಮತ್ತು ವಿರುದ್ಧ ಸಾಕ್ಷ್ಯಗಳು ಸರಿಸುಮಾರು ಸಮತೂಕದಲ್ಲಿದ್ದರೆ ಸಂಶಯದ ಲಾಭವು ಅರ್ಜಿದಾರರಿಗೆ ಸಲ್ಲಬೇಕೆಂದು ಕಾನೂನು ಹೇಳುತ್ತದೆ. ನಿರ್ದಿಷ್ಟ ರೋಗನಿರ್ಣಯವಿಲ್ಲದಿದ್ದರೂ, ದೈಹಿಕ ಕಾರ್ಯಸಾಮರ್ಥ್ಯವನ್ನು ಕುಂದಿಸುವ ನೋವೇ ಅಂಗವೈಕಲ್ಯವಾಗಬಲ್ಲದು ಎಂದು 2018ರ ಸಾಂಡರ್ಸ್ ವಿರುದ್ಧ ವಿಲ್ಕೀ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ತೀರ್ಪು ನೀಡಿತು.

ಶ್ರೇಣೀಕರಣ

ಬೆನ್ನು ಮತ್ತು ನರಗಳಿಗೆ ಪ್ರತ್ಯೇಕ ಮಾನದಂಡಗಳಿವೆ. ಬೆನ್ನನ್ನು ಮುಖ್ಯವಾಗಿ ಅದರ ಚಲನೆಯ ಮಿತಿಯಿಂದ ಅಳೆಯಲಾಗುತ್ತದೆ. ಉದಾಹರಣೆಗೆ, ಎದೆ–ಸೊಂಟದ ಬೆನ್ನು ಮುಂದಕ್ಕೆ 30 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಾಗಿದರೆ ಶೇ. 40ರ ಶ್ರೇಣಿ ದೊರೆಯುತ್ತದೆ. ಬೆನ್ನಿನ ಕಾಯಿಲೆಯಿಂದ ಉಂಟಾದ, ಪರೀಕ್ಷೆಯಲ್ಲಿ ಕಂಡುಬರುವ ನರದೋಷಗಳಿಗೆ ಬೇರೆಯೇ ಶ್ರೇಣಿ ನೀಡಬೇಕೆಂದು ನಿಯಮವು ಸೂಚಿಸುತ್ತದೆ. ಆದುದರಿಂದ ಕಾಲಿಗೆ ಇಳಿಯುವ ನೋವು, ಜೋಮುಗಳು ದಾಖಲೆಯಲ್ಲಿ ಸೇರದೆ ಹೋದರೆ ಒಟ್ಟು ಪರಿಹಾರವು ಕಡಿಮೆಯಾಗಬಹುದು.

ಸಯಾಟಿಕ್ ನರಕ್ಕೆ ಸಂಬಂಧಿಸಿದ 8520ನೇ ಸಂಕೇತದ ಶ್ರೇಣಿಗಳು ಹೀಗಿವೆ:

• ಸೌಮ್ಯ ಅಪೂರ್ಣ ಪಾರ್ಶ್ವವಾಯು: ಶೇ. 10
• ಮಧ್ಯಮ: ಶೇ. 20
• ಮಧ್ಯಮಕ್ಕಿಂತ ತೀವ್ರ: ಶೇ. 40
• ಸ್ನಾಯುಗಳು ಗಮನಾರ್ಹವಾಗಿ ಕ್ಷೀಣಿಸಿದ ತೀವ್ರ ಸ್ಥಿತಿ: ಶೇ. 60
• ಸಂಪೂರ್ಣ ಪಾರ್ಶ್ವವಾಯು: ಶೇ. 80

ಇಲ್ಲಿ ‘ಪಾರ್ಶ್ವವಾಯು’ ಎಂಬುದು ಆ ಒಂದು ನರದ ಕಾರ್ಯನಷ್ಟವನ್ನು ಸೂಚಿಸುತ್ತದೆಯೇ ಹೊರತು ದೇಹದ ಒಂದು ಪಾರ್ಶ್ವದ ಲಕ್ವವನ್ನಲ್ಲ. ತೊಂದರೆಯು ಕೇವಲ ಸಂವೇದನೆಗೆ ಸೀಮಿತವಾಗಿದ್ದರೆ ಶ್ರೇಣಿಯು ಸೌಮ್ಯ ಅಥವಾ ಹೆಚ್ಚೆಂದರೆ ಮಧ್ಯಮ ಮಟ್ಟವನ್ನು ಮೀರಬಾರದು. ತೀವ್ರವಾದ ನೋವಿದ್ದರೂ ಸ್ನಾಯುಶಕ್ತಿ ಕುಂದದವರಿಗೆ ಕಡಿಮೆ ಶ್ರೇಣಿ ದೊರೆಯಲು ಇದು ಒಂದು ಕಾರಣ. ತೋಳುಗಳ ವಿಷಯದಲ್ಲಿ, ಮಧ್ಯಮ ಮತ್ತು ಅದಕ್ಕಿಂತ ಹೆಚ್ಚಿನ ಹಂತಗಳಲ್ಲಿ ವ್ಯಕ್ತಿಯು ಪ್ರಧಾನವಾಗಿ ಬಳಸುವ ಕೈಗೆ ಹೆಚ್ಚಿನ ಶ್ರೇಣಿಯಿದೆ.

ಸಂಯೋಜಿತ ಶ್ರೇಣಿ

ಹಲವು ಅಂಗವೈಕಲ್ಯಗಳ ಶೇಕಡಾವಾರುಗಳನ್ನು ನೇರವಾಗಿ ಕೂಡಿಸುವುದಿಲ್ಲ. ಪ್ರತಿಯೊಂದನ್ನೂ ಉಳಿದಿರುವ ಸಾಮರ್ಥ್ಯಕ್ಕೆ ಅನ್ವಯಿಸಲಾಗುತ್ತದೆ. ಎರಡೂ ಕಾಲುಗಳು ಅಥವಾ ಎರಡೂ ತೋಳುಗಳು ಬಾಧಿತವಾಗಿದ್ದರೆ, ಅವುಗಳ ಸಂಯೋಜಿತ ಮೌಲ್ಯಕ್ಕೆ ಅದರ ಹತ್ತನೆಯ ಒಂದು ಭಾಗವನ್ನು ಸೇರಿಸಲಾಗುತ್ತದೆ. ಬೆನ್ನಿಗೆ ಶೇ. 40 ಹಾಗೂ ಪ್ರತಿ ಕಾಲಿಗೆ ಶೇ. 20 ಇದ್ದರೆ, ಕಾಲುಗಳೆರಡರ ಸಂಯೋಜಿತ ಮೌಲ್ಯ 36, ಅದಕ್ಕೆ 3.6 ಸೇರಿಸಿದಾಗ ಸುಮಾರು 40. ಬೆನ್ನಿನ 40ರ ನಂತರ ಉಳಿದ 60ರಲ್ಲಿ ಶೇ. 40 ಎಂದರೆ 24. ಒಟ್ಟು 64 ಆಗಿ, ಹತ್ತಿರದ ಹತ್ತಕ್ಕೆ ಇಳಿದು ಶೇ. 60 ಎಂದು ನಿಗದಿಯಾಗುತ್ತದೆ. ನೇರ ಕೂಡಿಕೆಯಲ್ಲಿ ಇದು 80 ಆಗುತ್ತಿತ್ತು.

ಸೇವಾಸಂಬಂಧಿ ತೊಂದರೆಯಿಂದ ಜೀವನೋಪಾಯಕ್ಕೆ ಸಾಕಾಗುವ ಉದ್ಯೋಗವನ್ನು ನಿರ್ವಹಿಸಲಾಗದವರು, ನಿಗದಿತ ಷರತ್ತುಗಳಿಗೆ ಒಳಪಟ್ಟು, ಕಡಿಮೆ ಶ್ರೇಣಿಯಿದ್ದರೂ ಶೇ. 100ರ ದರದಲ್ಲಿ ಪರಿಹಾರ ಪಡೆಯಬಹುದು.

ಅರ್ಜಿ ಮತ್ತು ಮೇಲ್ಮನವಿ

ಅರ್ಜಿಯ ನಂತರ ಇಲಾಖೆಯು ಅಗತ್ಯವಿದ್ದಲ್ಲಿ ವೈದ್ಯಕೀಯ ಪರೀಕ್ಷೆಯನ್ನು ಏರ್ಪಡಿಸುತ್ತದೆ. ಸ್ನಾಯುಶಕ್ತಿ, ಪ್ರತಿವರ್ತನ, ಸ್ಪರ್ಶಸಂವೇದನೆ ಮತ್ತು ಕಾಲನ್ನು ನೇರವಾಗಿ ಎತ್ತುವ ಪರೀಕ್ಷೆಗಳು ಇದರಲ್ಲಿ ಸೇರಿವೆ. ಎಂ.ಆರ್.ಐ. ಮತ್ತು ವಿದ್ಯುತ್ ನರಪರೀಕ್ಷೆಗಳ ವರದಿಗಳೂ ಸಾಕ್ಷ್ಯವಾಗುತ್ತವೆ. ನೋವು ಉಲ್ಬಣಿಸಿದ ದಿನಗಳ ಬಗೆಗೆ ಅರ್ಜಿದಾರರು, ಕುಟುಂಬದವರು ಅಥವಾ ಸಹಸೈನಿಕರು ನೀಡುವ ಹೇಳಿಕೆಗಳನ್ನೂ ಪರಿಗಣಿಸಲಾಗುತ್ತದೆ.

2017ರ ಮೇಲ್ಮನವಿ ಸುಧಾರಣಾ ಕಾಯಿದೆಯು 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಅದರಂತೆ ನಿರ್ಧಾರವನ್ನು ಒಪ್ಪದವರಿಗೆ ಮೂರು ಮಾರ್ಗಗಳಿವೆ: ಹೊಸ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ, ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಮತ್ತು ಮಾಜಿ ಸೈನಿಕರ ಮೇಲ್ಮನವಿ ಮಂಡಳಿ. ಕೊನೆಯ ಎರಡಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಡುವಿದೆ. ಪೂರಕ ಅರ್ಜಿಯನ್ನು ನಂತರವೂ ಸಲ್ಲಿಸಬಹುದಾದರೂ, ವರ್ಷ ಕಳೆದರೆ ಹಿಂದಿನ ಅರ್ಜಿಯ ದಿನಾಂಕದಿಂದ ದೊರೆಯಬಹುದಾದ ಬಾಕಿ ಮೊತ್ತವು ಸಾಮಾನ್ಯವಾಗಿ ಕೈತಪ್ಪುತ್ತದೆ.