ವೈದ್ಯರವರೆಗಿನ ದಾರಿ

ಚಿಕಿತ್ಸೆ ಉಚಿತವಾದರೆ ಬಡ ರೋಗಿಯ ಕಷ್ಟ ತೀರಿತೆಂದು ನಾವು ಭಾವಿಸುತ್ತೇವೆ. ಆಸ್ಪತ್ರೆಯ ಬಾಗಿಲಿನವರೆಗಿನ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಸಾವಿರ ವರ್ಷಗಳ ಹಿಂದೆ ಬಗ್ದಾದಿನ ವಝೀರರೊಬ್ಬರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಅಬ್ಬಾಸೀ ಖಲೀಫ ಮುಕ್ತದಿರ್ ಅವರ ಆಳ್ವಿಕೆಯಲ್ಲಿ (ಕ್ರಿ.ಶ. 908–932) ವಝೀರರಾಗಿದ್ದ ಅಲೀ ಬಿನ್ ಈಸಾ, ಮುಖ್ಯ ವೈದ್ಯರಾದ ಸಿನಾನ್ ಬಿನ್ ಸಾಬಿತ್‌ರಿಗೆ ಬರೆದ ಪತ್ರಗಳನ್ನು ಇತಿಹಾಸಕಾರ ಇಬ್ನು ಅಬೀ ಉಸೈಬಿಅ ದಾಖಲಿಸಿದ್ದಾರೆ. ಮೊದಲನೆಯದು ಸೆರೆಮನೆಗಳ ಕುರಿತು. ಕೈದಿಗಳು ಹೊರಗೆ ಹೋಗಿ ವೈದ್ಯರನ್ನು ಕಾಣಲಾರರು; ಆದ್ದರಿಂದ ವೈದ್ಯರೇ ಪ್ರತಿದಿನ ಔಷಧದೊಂದಿಗೆ ಒಳಗೆ ಹೋಗಬೇಕು ಎಂಬುದು ಅದರ ಸಾರ. ಇನ್ನೊಂದು ಪತ್ರ ಸವಾದ್ ಎಂಬ ಕೃಷಿ ಪ್ರದೇಶದ ಹಳ್ಳಿಗಳನ್ನು ಕುರಿತದ್ದು. ವೈದ್ಯರೇ ಇಲ್ಲದ ಆ ಊರುಗಳಲ್ಲಿ ಔಷಧ ಭಂಡಾರದೊಡನೆ ಸಂಚರಿಸಿ, ಅಗತ್ಯವಿದ್ದಷ್ಟು ದಿನ ತಂಗಿ, ಬಳಿಕ ಮುಂದಿನ ಊರಿಗೆ ತೆರಳುವಂತೆ ಆದೇಶವಾಯಿತು.

ಸಂಚರಿಸುತ್ತಾ ವೈದ್ಯರು ಸೂರಾ ತಲುಪಿದರು. ಅಲ್ಲಿನವರಲ್ಲಿ ಹೆಚ್ಚಿನವರು ಯಹೂದಿಯರು. ಇಲ್ಲಿ ನಿಲ್ಲಬೇಕೇ, ಮುಂದೆ ಹೋಗಬೇಕೇ ಎಂದು ಸಿನಾನ್ ವಝೀರರನ್ನು ಕೇಳಿದರು. ಬಗ್ದಾದಿನ ಬೀಮಾರಿಸ್ತಾನ್‌ನಲ್ಲಿ ಮುಸ್ಲಿಮರಿಗೂ ಇತರರಿಗೂ ಚಿಕಿತ್ಸೆ ನೀಡುವ ರೂಢಿಯಿದೆಯೆಂದೂ ನೆನಪಿಸಿದರು. ಆ ಚಿಕಿತ್ಸೆ ಸರಿಯೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಆದರೆ ಮೊದಲು ಮುಸ್ಲಿಮರು, ನಂತರ ಇತರರು ಎಂದು ಉತ್ತರ ಬಂತು. ಈ ಸರದಿ ಇಂದು ನಮ್ಮ ಕಿವಿಗೆ ಒರಟಾಗಿ ಕೇಳಿಸುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ವೈದ್ಯ ಸಿನಾನ್‌ರ ನೆನಪೋಲೆ ನಮಗೆ ಹೆಚ್ಚು ಮೆಚ್ಚುಗೆಯಾಗುತ್ತದೆ.

ಬಗ್ದಾದಿನವರು ವೈದ್ಯರನ್ನು ರೋಗಿಯ ಬಳಿಗೆ ಕಳುಹಿಸಿದರೆ, ನಮ್ಮ ಕಾಲಕ್ಕೆ ಹತ್ತಿರದ ಅಬ್ದುಲ್ ಸತ್ತಾರ್ ಈಧಿಯವರು ರೋಗಿಯನ್ನು ವೈದ್ಯರ ಬಳಿಗೆ ಒಯ್ದರು. ಗುಜರಾತಿನ ಬಾಂಟ್ವಾದಲ್ಲಿ ಹುಟ್ಟಿ ಕರಾಚಿಗೆ ವಲಸೆ ಹೋಗಿದ್ದ ಅವರು 1957ರ ಫ್ಲೂ ಪಿಡುಗಿನ ಬಳಿಕ ದಾನದ ಹಣದಲ್ಲಿ ಹಳೆಯ ವ್ಯಾನೊಂದನ್ನು ಕೊಂಡರು. ತಾವೇ ಅದನ್ನು ಓಡಿಸಿದರು. 'ಬಡವರ ವ್ಯಾನ್' ಎಂದೇ ಅದರ ಹೆಸರು. ಅದರಿಂದ ಬೆಳೆದ ಸೇವೆ ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಆ್ಯಂಬುಲೆನ್ಸ್ ಸಂಸ್ಥೆಯೆಂದು ಗಿನ್ನೆಸ್ ದಾಖಲೆ ಸೇರಿತು.

ನಮ್ಮ ರಾಜ್ಯದಲ್ಲಿ 2008ರಿಂದ 108 ವಾಹನಗಳಿವೆ. ಅವು ತುರ್ತು ಸ್ಥಿತಿಗೆ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುವವರದು ತುರ್ತಲ್ಲ, ನಿತ್ಯದ ಪಾಡು. ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಆಟೋ ಬಾಡಿಗೆ, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ. ಝಕಾತಿನ ಅರ್ಜಿಯೊಡನೆ ಔಷಧದ ಬಿಲ್ಲು ಲಗತ್ತಿಸಬಹುದು. ಆಟೋದವನು ರಶೀದಿ ಕೊಡುವುದಿಲ್ಲ. ಕೈಯಲ್ಲಿ ಹಣವಿಲ್ಲದ ವಾರ ಒಂದು ಸರದಿ ತಪ್ಪುತ್ತದೆ.