ಲೂಪ್ರಾಪ್ಸ್ ದೇವಗಿರಿಯೆನ್ಸಿಸ್: ಹೊಸ ಪ್ರಭೇದದ ವಿವರಣೆ ಮತ್ತು ಗುರುತಿನ ಕೀಲಿಯ ಪ್ರಶ್ನೆ

ಕೇರಳದ ರಬ್ಬರ್ ಸೀಮೆಯಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದ ಬೆನ್ನಿಗೇ ತೋಟದ ತರಗೆಲೆಯಡಿಯಿಂದ ಒಂದು ಕಪ್ಪು ಜೀರುಂಡೆ ಎದ್ದು, ದೀಪದ ಬೆಳಕು ಹಿಡಿದು ಮನೆಗಳಿಗೆ ನುಗ್ಗುತ್ತದೆ. ಅಲ್ಲಿಯವರು ಅದನ್ನು ಮುಪ್ಲಿ ವಂಡು ಎನ್ನುತ್ತಾರೆ. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಆದರೆ ಒಂದೇ ಮನೆಯ ಮಾಡಿನಡಿ 5 ಲಕ್ಷದಿಂದ 40 ಲಕ್ಷಕ್ಕೂ ಮೀರಿ ಹುಳುಗಳು ಕೂಡಿದ್ದು ದಾಖಲಾಗಿದೆ. ಕೆಣಕಿದರೆ ಅವು ಬಿಡುವ ಘಾಟು ದ್ರವ ಚರ್ಮಕ್ಕೆ ತಾಗಿ ಉರಿಯುತ್ತದೆ, ಗುಳ್ಳೆ ಏಳುತ್ತದೆ. ವರ್ಷದ ಸುಮಾರು ಒಂಬತ್ತು ತಿಂಗಳು ಸುಪ್ತಾವಸ್ಥೆಯಲ್ಲಿ ಕಳೆದು, ರಬ್ಬರ್ ಎಲೆ ಉದುರುವ ಹೊತ್ತಿಗೆ ತೋಟಕ್ಕೆ ಮರಳಿ, ಆ ತರಗೆಲೆಯಲ್ಲೇ ಮೇಯ್ದು ಸಂತಾನ ಬೆಳೆಸುತ್ತವೆ. ಇದು ಲೂಪ್ರಾಪ್ಸ್ ಟ್ರಿಸ್ಟಿಸ್. 1801ರಲ್ಲಿ ಫ್ಯಾಬ್ರೀಷಿಯಸ್ ವಿವರಿಸಿದ ಪ್ರಭೇದ.

ಇಷ್ಟು ಕಣ್ಣಿಗೆ ಬೀಳುವ ಹುಳುವಿನ ಕುಲದಲ್ಲೇ, ಅದೇ ಪಶ್ಚಿಮ ಘಟ್ಟದಲ್ಲಿ, ಹೆಸರಿಲ್ಲದ ಇನ್ನೊಂದು ಪ್ರಭೇದವಿತ್ತು. ಕಲ್ಲಿಕೋಟೆಯ ದೇವಗಿರಿಯ ಸೇಂಟ್ ಜೋಸೆಫ್ ಕಾಲೇಜಿನ ಥಾಮಸ್ ಕೆ. ಸಾಬು, ಹಂಗೇರಿಯ ಒಟ್ಟೊ ಮರ್ಕ್ಲ್ ಮತ್ತು ಅಭಿತಾ 2007ರಲ್ಲಿ ಅದನ್ನು ಲೂಪ್ರಾಪ್ಸ್ ದೇವಗಿರಿಯೆನ್ಸಿಸ್ ಎಂದು ವಿವರಿಸಿದರು. ಅವರ ಲೇಖನ ಹೊಸ ಹೆಸರಿಗೇ ನಿಲ್ಲಲಿಲ್ಲ. ಅದರಲ್ಲಿ ಲೂಪ್ರಾಪ್ಸ್ ಪ್ರಭೇದಗಳ ಗುರುತಿನ ಕೀಲಿಯೂ, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುತ್ತ ಪ್ರಭೇದವನ್ನು ಪತ್ತೆಹಚ್ಚುವ ಪಟ್ಟಿಯೂ, ಇತ್ತು. ಹೊಸ ಪ್ರಭೇದವೊಂದರ ವಿವರಣೆಯ ನಿಜವಾದ ಬೆಲೆ ಈ ಎರಡನೆಯ ಭಾಗದಲ್ಲಿದೆ ಎಂಬುದು ಈ ಲೇಖನದ ವಾದ.

ಕಾರಣ ಹತ್ತಿರದಲ್ಲೇ ಇದೆ. ರಬ್ಬರ್ ತೋಟದ ಪೀಡೆಯಾದ ಟ್ರಿಸ್ಟಿಸ್ ಬಗೆಗಿನ ಹಿಂದಿನ ಬರಹಗಳಲ್ಲಿ ಅದಕ್ಕೆ ತಪ್ಪಾಗಿ ಲೂಪ್ರಾಪ್ಸ್ ಕರ್ಟಿಕೊಲಿಸ್ ಎಂಬ ಹೆಸರಿತ್ತು. ಆಮಿಷವಿಟ್ಟು ಹುಳು ಹತೋಟಿಗೆ ತರುವ ಅಧ್ಯಯನವೂ ಆ ಹೆಸರಿನಲ್ಲೇ ಬಂತು. ಹೆಸರು ತಪ್ಪಿದಾಗ ಒಂದು ಪ್ರಭೇದದ ಜೀವನಚಕ್ರ, ಆಹಾರ, ಹತೋಟಿಯ ವಿವರಗಳೆಲ್ಲ ಇನ್ನೊಂದರ ಖಾತೆಗೆ ಜಮೆಯಾಗುತ್ತವೆ. ಅವನ್ನು ಮರಳಿ ಬೇರ್ಪಡಿಸಲು ಇರುವ ದಾರಿ, ಸಂಬಂಧಿ ಪ್ರಭೇದಗಳನ್ನು ಒಟ್ಟಿಗಿಟ್ಟು ಹೋಲಿಸಿದ ಕೀಲಿ ಮತ್ತು ಅಧ್ಯಯನಕ್ಕೆ ಬಳಸಿದ ಹುಳುಗಳ ಜೋಪಾನವಾದ ಸಂಗ್ರಹ.

ಲೂಪ್ರಾಪ್ಸ್ ಸೇರಿರುವ ಟೆನೆಬ್ರಿಯೋನಿಡೆ ದೊಡ್ಡ ಕುಟುಂಬ. ಜಗತ್ತಿನಲ್ಲಿ ಸುಮಾರು 30,000 ಪ್ರಭೇದಗಳು ವಿವರಣೆ ಪಡೆದಿವೆ. ನಮ್ಮ ಮನೆಯ ಹಳೆಯ ಹಿಟ್ಟಿನಲ್ಲಿ ಹರಿದಾಡುವ ಕೆಂಪು ಹುಳು, ಟ್ರೈಬೋಲಿಯಂ ಕ್ಯಾಸ್ಟೇನಿಯಂ, ಇದೇ ಕುಟುಂಬದ್ದು. ಕುಟುಂಬವನ್ನು ಗುರುತಿಸುವುದು ಕಷ್ಟವಲ್ಲ: ಮುಂದಿನ ಮತ್ತು ನಡುವಿನ ಪಾದಗಳಲ್ಲಿ ಐದೈದು ಖಂಡ, ಹಿಂದಿನ ಪಾದದಲ್ಲಿ ನಾಲ್ಕು, ಸಾಮಾನ್ಯವಾಗಿ ಹನ್ನೊಂದು ಖಂಡಗಳ ಕುಡಿಮೀಸೆ, ಅದರ ಬುಡವನ್ನು ಮುಚ್ಚುವ ಹಣೆಯ ಅಂಚು. ತೊಡಕು ಶುರುವಾಗುವುದು ಪ್ರಭೇದದ ಮಟ್ಟದಲ್ಲಿ. ಬಣ್ಣ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಕೋಶದಿಂದ ಆಗಷ್ಟೇ ಹೊರಬಂದ ಜೀರುಂಡೆ ತಿಳಿಗಂದಾಗಿದ್ದು ಬಳಿಕ ಕಪ್ಪಾಗುತ್ತದೆ. ಗಾತ್ರವೂ ಮರಿಹುಳು ತಿಂದ ಆಹಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಎದೆಗವಚದ ಆಕಾರ, ಅದರ ಮೇಲಿನ ಚುಕ್ಕೆಗುಳಿಗಳ ಒತ್ತು, ಕಣ್ಣುಗಳ ನಡುವಣ ಅಂತರ, ಕುಡಿಮೀಸೆಯ ಖಂಡಗಳ ಪ್ರಮಾಣ ಇವನ್ನು ಅಳೆದು ನೋಡಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಗಂಡಿನ ಜನನಾಂಗವನ್ನು ನೋಡಬೇಕು. ಒಣಗಿದ ಹುಳುವನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಹೊಟ್ಟೆಯ ತುದಿಯಿಂದ ಅಂಗವನ್ನು ಹೊರತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ತಿಳಿಗೊಳಿಸಿ, ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ಚಿತ್ರಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು. ಇದನ್ನು ಬಿಟ್ಟು ಬರೆದ ವಿವರಣೆ ಎಷ್ಟು ಪುಟವಿದ್ದರೂ ಮುಂದಿನವರಿಗೆ ಉಪಯೋಗಕ್ಕೆ ಬರುವುದು ಕಡಿಮೆ. ಒಂದೇ ಒಂದು ಹೆಣ್ಣು ಹುಳುವಿನ ಆಧಾರದ ಮೇಲೆ ಹೊಸ ಪ್ರಭೇದ ಸಾರುವುದನ್ನು, ತೀರ ಅನಿವಾರ್ಯವಲ್ಲದಿದ್ದರೆ, ನಾನು ಒಪ್ಪಲಾರೆ.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಹೊಸ ಪ್ರಭೇದಕ್ಕೆ ಹೆಸರನ್ನು ಹೊತ್ತ ಮೂಲಮಾದರಿ (ಸಾಮಾನ್ಯವಾಗಿ ಹೊಲೊಟೈಪ್) ಯಾವುದು, ಅದು ಯಾವ ಸಂಗ್ರಹದಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು. ನಮ್ಮ 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಮು ಹೊಸ ಜೀವಿಯ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಬೇಕೆನ್ನುತ್ತದೆ. ಎರಡೂ ನಿಯಮಗಳ ಹಿಂದಿರುವ ಕಾಳಜಿ ಒಂದೇ: ಇಂದು ಬರೆದದ್ದನ್ನು ನಾಳೆ ಇನ್ನೊಬ್ಬರು ಹುಳುವನ್ನೇ ಮುಂದಿಟ್ಟುಕೊಂಡು ಪರೀಕ್ಷಿಸಲು ಸಾಧ್ಯವಾಗಬೇಕು.

ಭಾರತದಲ್ಲಿ ಈ ಪರೀಕ್ಷೆ ಕಷ್ಟವಾಗಲು ಇತಿಹಾಸವೂ ಕಾರಣ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಪ್ರಸಿದ್ಧ ಗ್ರಂಥಮಾಲೆಯಲ್ಲಿ ನೆಲಜೀರುಂಡೆ, ಕೊಂಬುಜೀರುಂಡೆಗಳಿಗೆ ಸಂಪುಟಗಳು ಬಂದವು. ಟೆನೆಬ್ರಿಯೋನಿಡೆಗೆ ಬರಲೇ ಇಲ್ಲ. ಅರಣ್ಯಾಧಿಕಾರಿ ಆಂಡ್ರ್ಯೂಸ್ ಇಲ್ಲಿ ಕೂಡಿಸಿದ ಹುಳುಗಳನ್ನು 1896ರಲ್ಲಿ ವಿವರಿಸಿದವನು ಫ್ರಾನ್ಸಿನ ಲಿಯೋನ್ ಫೇರ್ಮೇರ್. ಹೀಗೆ ವಿವರಣೆಗಳು ಯುರೋಪಿನ ಹಲವು ಪತ್ರಿಕೆಗಳಲ್ಲಿ ಚದುರಿದವು, ಮೂಲಮಾದರಿಗಳೂ ಅಲ್ಲಿನ ಸಂಗ್ರಹಾಲಯಗಳಲ್ಲಿ ಉಳಿದವು. ಕಲ್ಲಿಕೋಟೆಯ ಕಾಲೇಜಿನವರಿಗೆ ಹಂಗೇರಿಯ ತಜ್ಞರ ಜೊತೆ ಏಕೆ ಬೇಕಾಯಿತೆಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಡಿಎನ್‌ಎ ಬಾರ್‌ಕೋಡ್ ಇಂದು ಒಳ್ಳೆಯ ನೆರವು, ನಿಜ. ಆದರೆ ಅದು ಎರಡು ಹುಳುಗಳು ಬೇರೆಬೇರೆ ಎಂದಷ್ಟೇ ಹೇಳೀತು. ಎರಡರಲ್ಲಿ ಫ್ಯಾಬ್ರೀಷಿಯಸ್ ಹೆಸರಿಟ್ಟದ್ದು ಯಾವುದೆಂದು ತಿಳಿಯಲು ಹಳೆಯ ಮಾದರಿಯ ಬಳಿಗೇ ಹೋಗಬೇಕು.

ಕರ್ನಾಟಕದ ಪಾಲಿನ ಕೆಲಸ ಇಲ್ಲಿದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ರಬ್ಬರ್ ತೋಟಗಳು ಕಾಡಿನ ಅಂಚಿಗೆ ತಾಗಿಕೊಂಡಿವೆ. ತೋಟದ ತರಗೆಲೆ ಮತ್ತು ಪಕ್ಕದ ಕಾಡಿನ ತರಗೆಲೆ ಎರಡನ್ನೂ ಎಲೆ ಉದುರುವ ತಿಂಗಳುಗಳಲ್ಲಿ ಬೇರೆಬೇರೆಯಾಗಿ ಜಾಲಿಸಿ, ಪ್ರತಿ ಸಂಗ್ರಹದಲ್ಲೂ ಗಂಡುಗಳಿರುವಂತೆ ನೋಡಿಕೊಂಡು, ಸ್ಥಳ, ಎತ್ತರ, ತಾರೀಖು, ಯಾವ ಮರದ ಎಲೆ ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಮರಿಹುಳುಗಳನ್ನು ಅದೇ ಎಲೆಯ ಮೇಲೆ ಜೀರುಂಡೆಯಾಗುವವರೆಗೆ ಸಾಕಿ, ಕಳಚಿದ ಚರ್ಮವನ್ನು ಆಯಾ ಜೀರುಂಡೆಯ ಜೊತೆಗೇ ಇಡಬೇಕು. ತೋಟದಲ್ಲಿ ಎಲೆ ತಿನ್ನುತ್ತಿರುವ ಮರಿ ಯಾವ ಪ್ರಭೇದದ್ದೆಂದು ಅದರಿಂದ ಖಚಿತವಾಗುತ್ತದೆ. ಹೀಗೆ ಕೂಡಿಸಿದ್ದನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಸಂಗ್ರಹಕ್ಕೆ ಸೇರಿಸಿ, 2007ರ ಕೀಲಿಯೊಡನೆ ಒಂದೊಂದಾಗಿ ತಾಳೆ ನೋಡಿದರೆ, ಘಟ್ಟದ ಈ ಭಾಗದಲ್ಲಿ ಲೂಪ್ರಾಪ್ಸ್ ಕುಲದ ಯಾವ ಪ್ರಭೇದ ಎಲ್ಲಿದೆ ಎಂಬ ನಕ್ಷೆ ಬರೆಯಬಹುದು.