ಖುರಾಕಿನ ಲೆಕ್ಕ

2023ರ ಜನವರಿಯಲ್ಲಿ ಪುಣೆಯ ಕೋಥ್ರೂಡಿನಲ್ಲಿ ಮಹೇಂದ್ರ ಗಾಯಕ್ವಾಡರನ್ನು ಮಣಿಸಿ ಶಿವರಾಜ್ ರಾಕ್ಷೆ ‘ಮಹಾರಾಷ್ಟ್ರ ಕೇಸರಿ’ಯಾದರು. ಇಬ್ಬರೂ ಕಾತ್ರಜ್‌ನಲ್ಲಿರುವ ಕಾಕಾ ಪವಾರರ ಗರಡಿಯಲ್ಲಿ ಪಳಗಿದವರು. ಗೆದ್ದವರಿಗೆ ಬೆಳ್ಳಿಯ ಗದೆ, 5 ಲಕ್ಷ ರೂಪಾಯಿ, ಒಂದು ಥಾರ್ ಜೀಪು.

ಆ ಸೀಮೆಯಲ್ಲಿ ಪೈಲ್ವಾನರ ಖರ್ಚು ಹಿಂದೆ ಅರಸರದಾಗಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಗರಡಿಗಳನ್ನು ಸಾಕಿದರು, ಖಾಸ್‌ಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. 1948ರಲ್ಲಿ ಖಾಶಾಬಾ ಜಾಧವ್ ಲಂಡನ್ ಒಲಿಂಪಿಕ್ಸ್‌ಗೆ ಹೋದದ್ದೂ ಕೊಲ್ಹಾಪುರದ ಅರಸರ ಹಣದಲ್ಲೇ. 1952ರ ಹೆಲ್ಸಿಂಕಿಯ ಹೊತ್ತಿಗೆ ಸಂಸ್ಥಾನವೇ ಇರಲಿಲ್ಲ. ಊರವರು ವಂತಿಗೆ ಎತ್ತಿದರು. ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಜಾಧವ್, ಆ ಸಾಲ ತೀರಿಸಲು ಊರಿಗೆ ಬಂದು ಮತ್ತೆ ಕುಸ್ತಿ ಹಿಡಿದರು.

ಅರಸರ ಜಾಗಕ್ಕೆ ಈಗ ಪ್ರಾಯೋಜಕರು ಬಂದಿದ್ದಾರೆ. ಅರಸರು ಗರಡಿಯನ್ನು ವರ್ಷವಿಡೀ ಸಾಕುತ್ತಿದ್ದರು. ಜೀಪು ಸಿಗುವುದು ಒಬ್ಬನಿಗೆ, ಒಂದು ದಿನ. ಹಾಲು, ತುಪ್ಪ, ಬಾದಾಮಿಯ ಖುರಾಕು ಸೋತವನಿಗೂ ದಿನವೂ ಬೇಕು. ಎಷ್ಟೋ ಹುಡುಗರ ಪಾಲಿಗೆ ಅದನ್ನು ಇಂದಿಗೂ ಹೊರುತ್ತಿರುವುದು ಹಳ್ಳಿಯಲ್ಲಿರುವ ಅಪ್ಪನ ಹೊಲ.